ಹಲ್ಲಿನ ಡಾಕ್ಟರು ದೋಣಿಗೆ ಪಂಪು ಹಾಕಿದ್ದು

"ಇನ್ನು ಆ ಎಂಜಿನ್ನಿಗೆ ನನ್ನ ಕೈ ಬಿಟ್ಟು ಬೇರೆ ಯಾರ ಕೈಯೂ ತಾಗಕೂಡದು!" ಎಂದು ಹಲ್ಲಿನ ಡಾಕ್ಟರು ಗುರುವಾರ ಬೆಳಗಿನ ಕಾಫಿಯ ಹೊತ್ತಿಗೆ ಘೋಷಿಸಿಬಿಟ್ಟರು. ಘೋಷಣೆ ಎಂದರೆ ಅಂತಿಂಥ ಘೋಷಣೆಯಲ್ಲ. ಎದ್ದು ನಿಂತು, ಎಡಗೈ ಸೊಂಟದ ಮೇಲಿಟ್ಟು, ಬಲಗೈಯ ಚಮಚವನ್ನು ಎತ್ತಿ ಹಿಡಿದು ಮಾಡಿದ ಘೋಷಣೆ. ಹೆಂಡತಿ ಆ ಚಮಚವನ್ನು ಕಿತ್ತುಕೊಂಡು ತಮ್ಮ ಕಾಫಿಗೆ ಸಕ್ಕರೆ ಕದಡಿಕೊಂಡರು.

ಇಷ್ಟೆಲ್ಲ ಆವೇಶಕ್ಕೆ ಕಾರಣ ಮಾವನವರ ಬಲಗೆನ್ನೆ. ಹುಳುಕು ದವಡೆಹಲ್ಲೊಂದರ ದೆಸೆಯಿಂದ ಅದು ಮೂರು ವಾರದಿಂದ ಊದಿಕೊಂಡು ಕೂತಿತ್ತು. ಅಳಿಯ ಹಲ್ಲಿನ ಡಾಕ್ಟರು, ಮಗಳು ಅದೇ ಕ್ಲಿನಿಕ್ಕಿನಲ್ಲಿ ಸಹಾಯಕಿ. ಆದರೂ ಮಾವ ಕೆನ್ನೆಗೆ ಮಫ್ಲರು ಸುತ್ತಿಕೊಂಡು ಊರೆಲ್ಲ ತಿರುಗುತ್ತಿದ್ದರೇ ಹೊರತು ಜಪ್ಪಯ್ಯ ಅಂದರೂ ಅಳಿಯನ ಕುರ್ಚಿ ಹತ್ತಲೊಲ್ಲರು! ನಲವತ್ತು ವರ್ಷ ಸರೋವರದಲ್ಲಿ ಜನರನ್ನು ದಾಟಿಸಿ ನಿವೃತ್ತರಾದ ಅವರನ್ನು ಊರು 'ಕ್ಯಾಪ್ಟನ್' ಎಂದೇ ಕರೆಯುತ್ತಿತ್ತು. ಕ್ಯಾಪ್ಟನ್ನರ ಕೆನ್ನೆ ಊರಿನ ಕಣ್ಣಿಗೆ ಬೀಳದೆ ಇರುತ್ತದೆಯೇ? 'ಮನೆಯವರೇ ಬಾಯಿ ಕೊಡದ ಡಾಕ್ಟರು' ಎಂಬ ಮಾತು ಕ್ಲಿನಿಕ್ಕಿನ ಬೆಂಚಿನ ತನಕ ಬಂತು. ಹೋದ ವಾರ ಇಬ್ಬರು ರೋಗಿಗಳು "ಇನ್ನೊಂದ್ಸಲ ಬರ್ತೀವಿ" ಎಂದು ಎದ್ದು ಹೋದವರು ಬರಲೇ ಇಲ್ಲ. ಡಾಕ್ಟರಿಗೆ ಇದು ನಿಜವಾಗಿ ನೋವು ಕೊಟ್ಟಿತ್ತು.

ಬುಧವಾರ ಮಾವನೇ ಒಂದು ಕರಾರು ಮುಂದಿಟ್ಟರು. ತಮ್ಮ ಹಳೆಯ ದೋಣಿಯನ್ನು ಅವರು ಮಗಳು ಅಳಿಯನಿಗೆ ಬಿಟ್ಟುಕೊಟ್ಟು ಎರಡು ವರ್ಷವಾಗಿತ್ತು. ಅದರ ಹೊಟ್ಟೆಯಲ್ಲಿ ಕೂತಿದ್ದ ಎಂಜಿನ್ನು ವಯಸ್ಸಿನಲ್ಲಿ ಡಾಕ್ಟರಿಗಿಂತ ಹಿರಿಯದು. ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಎಂಜಿನ್ನಿಗೆ ಕುಡಿಸುವ ಅಂಗೈಯಗಲದ ಪಂಪು ಕೆಟ್ಟು, ದೋಣಿ ತಿಂಗಳಿಂದ ಕಟ್ಟಿದಲ್ಲೇ ಕೊಳೆಯುತ್ತಿತ್ತು.

"ಅಳಿಯಂದಿರೇ, ಹೊಸ ಪಂಪು ನೀವೇ ಹಾಕಿ. ಮೆಕ್ಯಾನಿಕ್ ಮುಟ್ಟಬಾರ್ದು. ಭಾನುವಾರ ನನ್ನನ್ನ ಆಚೆ ದಡಕ್ಕೆ ಕರ್ಕೊಂಡು ಹೋಗಿ ವಾಪಸ್ ತನ್ನಿ. ಸೋಮವಾರ ನಾನು ಬಾಯಿ ತೆಗೀತೀನಿ."

"ಹಲ್ಲಿಗೂ ಎಂಜಿನ್ನಿಗೂ ಏನು ಮಾವ ಸಂಬಂಧ?"

"ನಿಮ್ಮ ಕೈ ಎಂಥದ್ದು ಅಂತ ಮೊದ್ಲು ಅದರ ಮೇಲೆ ನೋಡೋಣ. ಅದಕ್ಕಾದ್ರೆ ನೋವಾಗಲ್ಲ."

ಮರುದಿನದ ಘೋಷಣೆ ಹುಟ್ಟಿದ್ದು ಹೀಗೆ.

ಶುಕ್ರವಾರ ಡಾಕ್ಟರು ಊಟದ ಬಿಡುವಿನಲ್ಲಿ ದೋಣಿಗೆ ಹೋಗಿ ರೋಗಿಯನ್ನು ಪರೀಕ್ಷಿಸಿ ಬಂದರು. ಕೈ ತೊಳೆದದ್ದು ನಿಜ, ಮೂರು ಸಲ ತೊಳೆದದ್ದೂ ನಿಜ. ಆದರೂ ಮಧ್ಯಾಹ್ನ ಹುಳುಕು ತುಂಬಿಸಿಕೊಂಡ ರೋಗಿಯೊಬ್ಬ ಬಾಗಿಲ ತನಕ ಹೋದವನು ಮೂಗು ಅರಳಿಸುತ್ತ ತಿರುಗಿ ಬಂದ.

"ಡಾಕ್ಟ್ರೇ, ಈಗ ಸಿಗರೇಟು ಹಚ್ಚಬಹುದಾ?"

"ಹಲ್ಲಿಗೇನೂ ಆಗಲ್ಲ."

"ಹಲ್ಲಿಗಲ್ಲ ಡಾಕ್ಟ್ರೇ, ಬಾಯಿಗೆ ಬೆಂಕಿ ಹತ್ಕೊಂಡ್ರೆ?"

ಶನಿವಾರ ಮಧ್ಯಾಹ್ನ ಮಹಾಶಸ್ತ್ರಚಿಕಿತ್ಸೆ! ಬಿಳಿ ಕೋಟು, ಕೈಗವಸು, ಹಣೆಗೆ ದೀಪ ಕಟ್ಟಿಕೊಂಡು, ಸ್ಟೀಲಿನ ಟ್ರೇಯಲ್ಲಿ ಹೊಸ ಪಂಪು, ಕುದಿಸಿ ಶುದ್ಧಿ ಮಾಡಿದ ಎರಡು ಬೋಲ್ಟು, ಹತ್ತಿಯ ಉಂಡೆ, ಬಾಯಿಯೊಳಗೆ ನೋಡುವ ಪುಟ್ಟ ಕನ್ನಡಿ ಇಟ್ಟುಕೊಂಡು ಡಾಕ್ಟರು ದೋಣಿಗೆ ಇಳಿದರು. ದೋಣಿಕಟ್ಟೆಯ ಪಕ್ಕದಲ್ಲೇ ಶೆಡ್ಡು ಹಾಕಿಕೊಂಡಿದ್ದ ಮೆಕ್ಯಾನಿಕ್ ಸ್ಪ್ಯಾನರು ಒರೆಸುವುದನ್ನು ನಿಲ್ಲಿಸಿ ನೋಡಿದ.

"ಏನ್ ಡಾಕ್ಟ್ರೇ, ಹೆರಿಗೆನಾ?"

"ದೂರ ನಿಲ್ಲಪ್ಪಾ. ನಿನ್ನ ನೆರಳೂ ಬೀಳಬಾರ್ದು ಅಂತ ಮಾವನ ಹತ್ರ ಕರಾರಾಗಿದೆ."

ಪೆಟ್ರೋಲ್ ತಡೆಯುವ ಟ್ಯಾಂಕಿನ ತಿರುಪು ಮುಚ್ಚಿ, ಎರಡು ಬೋಲ್ಟು ಬಿಚ್ಚಿ, ಹಳೆಯ ಪಂಪನ್ನು ಡಾಕ್ಟರು ಹೊರಗೆ ತೆಗೆದರು. ಹಲ್ಲು ಕಿತ್ತಷ್ಟೇ ನಾಜೂಕು! ಪೆಟ್ರೋಲ್ ಬರುವ ಪೈಪು ಮಾತ್ರ ತುದಿಯಲ್ಲಿ ತೊಟ್ಟಿಕ್ಕತೊಡಗಿತು.

ಓದುಗರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಡಾಕ್ಟರ ಎಡಗೈ ಇಪ್ಪತ್ತೆರಡು ವರ್ಷದಿಂದ ಒಂದೇ ಕೆಲಸ ಮಾಡಿಕೊಂಡು ಬಂದಿದೆ. ಎದುರಿಗೆ ಏನಾದರೂ ಜಿನುಗಿದರೆ ಸಾಕು, ಒಂದು ಚೂರು ಹತ್ತಿ ಕಿತ್ತು, ಸುರುಳಿ ಸುತ್ತಿ, ತುರುಕಿಬಿಡುತ್ತದೆ. ಇದಕ್ಕಾಗಿ ಅದು ತಲೆಯ ಅನುಮತಿ ಕೇಳುವುದಿಲ್ಲ. ಹಾಗೆ ತುರುಕಿದ್ದನ್ನು ಕೊನೆಯಲ್ಲಿ ಚಿಮುಟದಿಂದ ಹೊರಗೆ ತೆಗೆಯುವುದು ಹೆಂಡತಿಯ ಕೆಲಸ. ಕ್ಲಿನಿಕ್ ತೆರೆದ ದಿನದಿಂದ ನಡೆದುಬಂದ ಏರ್ಪಾಡು ಇದು. ಡಾಕ್ಟರು ಹಾಕಬೇಕು, ಆಕೆ ತೆಗೆಯಬೇಕು. ಆ ಶನಿವಾರ ಹೆಂಡತಿ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದರು.

ಪೈಪಿನ ಬಾಯಿ ಗಪ್ಪಾಯಿತು. ಹತ್ತಿಯ ವಿಷಯ ಎಡಗೈಗೆ ಗೊತ್ತು, ಡಾಕ್ಟರಿಗೆ ಗೊತ್ತಿಲ್ಲ.

ಹೊಸ ಪಂಪು ಮೊದಲು ಕೂರಲಿಲ್ಲ. ಅದರ ಹಿಂದಿನ ಸನ್ನೆಕೋಲು ಎಂಜಿನ್ನಿನ ಒಳಗೆ ಸರಿಯಾದ ಜಾಗಕ್ಕೆ ಹೋಗಿ ಒರಗಬೇಕು, ಇಲ್ಲದಿದ್ದರೆ ಬೋಲ್ಟು ಹಿಡಿಯುವುದಿಲ್ಲ. ಡಾಕ್ಟರು ಪುಟ್ಟ ಕನ್ನಡಿಯನ್ನು ಒಳಗೆ ತೂರಿಸಿ, "ಇನ್ನೂ ಸ್ವಲ್ಪ ಬಾಯಿ ಅಗಲಿಸಿ" ಎಂದು ಎಂಜಿನ್ನಿಗೆ ಅಭ್ಯಾಸಬಲದಿಂದ ಹೇಳಿ, ನಾಲ್ಕನೇ ಸಲಕ್ಕೆ ಕೂರಿಸಿಯೇಬಿಟ್ಟರು. ಪೈಪು ಸಿಕ್ಕಿಸಿ ಬಿಗಿದು, ತಿರುಪು ತೆರೆದು, ಪೆಟ್ರೋಲ್ ವಾಸನೆ ಹೋಗುವ ತನಕ ಎಂಜಿನ್ ಗೂಡಿನ ಫ್ಯಾನ್ ಓಡಿಸಿ ಸ್ಟಾರ್ಟ್ ಒತ್ತಿದರು. ಕಾರ್ಬ್ಯುರೇಟರಿನ ತಳದಲ್ಲಿ ಉಳಿದಿದ್ದ ಹಳೆಯ ಪೆಟ್ರೋಲ್ ಕುಡಿದು ಎಂಜಿನ್ನು ಎರಡು ಸಲ ಕೆಮ್ಮಿ, ಭರ್‍ರೋ ಎಂದಿತು!

ಒಂದೇ ನಿಮಿಷಕ್ಕೆ ಡಾಕ್ಟರು ತಾವಾಗಿಯೇ ಆರಿಸಿದರು. "ಆಪರೇಷನ್ ಆದ ದಿನ ಆಯಾಸ ಮಾಡಿಸಬಾರ್ದು" ಎಂದು ಮೆಕ್ಯಾನಿಕ್ಕನಿಗೆ ಕೇಳಿಸುವಂತೆ ಹೇಳಿ ಕೈಗವಸು ಕಳಚಿದರು.

ಭಾನುವಾರ ಬೆಳಿಗ್ಗೆ ಮಾವ ಮಫ್ಲರಿನೊಂದಿಗೆ ಮುಂದುಗಡೆ ಕೂತರು. ಹೆಂಡತಿ ಕೈಚೀಲದೊಂದಿಗೆ ಹಿಂದೆ ಕೂತರು. ಡಾಕ್ಟರು ದಿಗ್ವಿಜಯಕ್ಕೆ ಹೊರಟ ಚಕ್ರವರ್ತಿಯ ಗತ್ತಿನಲ್ಲಿ ಚುಕ್ಕಾಣಿ ಹಿಡಿದರು. ದೋಣಿ ಕಟ್ಟೆ ಬಿಟ್ಟಿತು, ನೀರಿನಲ್ಲಿ ನೆಟ್ಟ ಗುರುತಿನ ಕಂಬ ದಾಟಿತು, ನಟ್ಟನಡುವಿಗೆ ಬಂತು. ಅಲ್ಲಿ ಗೊರ್ ಎಂದು ನಿಂತಿತು.

"ಏನಾಯ್ತ್ರೀ?"

"ಏನೂ ಇಲ್ಲ ಕಣೇ. ಸುಧಾರಿಸ್ಕೊಳ್ತಿದೆ."

ಹತ್ತು ನಿಮಿಷ ಬಿಟ್ಟು ಒತ್ತಿದರೆ ಸ್ಟಾರ್ಟ್! ಎರಡು ನಿಮಿಷ ಓಡಿ ಮತ್ತೆ ಠುಸ್! ನೆನೆದ ಹತ್ತಿ ಹನಿಹನಿಯಾಗಿ ಪೆಟ್ರೋಲ್ ಬಿಡುತ್ತಿತ್ತು, ಎಂಜಿನ್ನು ಗಟಗಟನೆ ಕುಡಿದು ಮುಗಿಸುತ್ತಿತ್ತು. ಡಾಕ್ಟರು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರು, ಮೇಲೆ ಕೆಳಗೆ ಎಂಬ ಕ್ರಮ ತಪ್ಪದೆ. ಫಿಲ್ಟರು ತೆಗೆದು ನೋಡಿದರು, ಹೊಸದರಂತಿತ್ತು. ಟ್ಯಾಂಕಿನ ಮುಚ್ಚಳ ತೆರೆದು ಇಣುಕಿದರು, ತುಂಬಿ ತುಳುಕುತ್ತಿತ್ತು. ಎಂಜಿನ್ನು ಯಾವುದಕ್ಕೂ ಸೊಪ್ಪು ಹಾಕಲಿಲ್ಲ.

ಅಷ್ಟರಲ್ಲಿ ಪ್ರಯಾಣಿಕರ ದೊಡ್ಡ ದೋಣಿಯೊಂದು ಪಕ್ಕದಲ್ಲೇ ಹಾದುಹೋಯಿತು. ಎಲ್ಲ ಕಿಟಕಿಗಳಲ್ಲೂ ತಲೆಗಳು, ಎಲ್ಲ ತಲೆಗಳಲ್ಲೂ ಡಾಕ್ಟರು ತುಂಬಿಸಿದ ಹಲ್ಲುಗಳು! "ಡಾಕ್ಟ್ರೇ, ನಾಳೆ ಕ್ಲಿನಿಕ್ಕು ಇರತ್ತಾ, ಇಲ್ಲಾ ಇಲ್ಲೇನಾ?" ಎಂದು ಒಬ್ಬ ಕೂಗಿದ. ಮೀನು ಹಿಡಿಯಲು ಹುಟ್ಟುದೋಣಿಯಲ್ಲಿ ಬಂದಿದ್ದ ಮೆಕ್ಯಾನಿಕ್ಕೂ ಹತ್ತಿರ ಬಂದು, ಕಾಲು ಚಾಚಿ, ಕಡಲೆಕಾಯಿ ಸುಲಿಯುತ್ತ ಕೂತ.

"ನೋಡ್ತಾ ಕೂತಿದ್ದೀಯಲ್ಲೋ!"

"ಮುಟ್ಟೋ ಹಾಗಿಲ್ವಲ್ಲ ಡಾಕ್ಟ್ರೇ" ಎಂದವನು ಸೂರ್ಯನ ಕಡೆ ಒಮ್ಮೆ ನೋಡಿ, ನೆರಳು ಬೀಳದಂತೆ ದೋಣಿಯನ್ನು ಆಚೆ ಬದಿಗೆ ಹಾಕಿಕೊಂಡ.

ಡಾಕ್ಟರಿಗೆ ಬೆವರು ಇಳಿಯಿತು. ಮಾವ ಮಫ್ಲರನ್ನು ಬಾಯಿಯ ಮೇಲಕ್ಕೆಳೆದು ಬಿಗಿಯಾಗಿ ಗಂಟು ಹಾಕಿಕೊಂಡರು. ನಾಳೆಯೂ ಬಾಯಿ ಬಿಡುವುದಿಲ್ಲ ಎಂಬುದು ಆ ಗಂಟಿನಲ್ಲೇ ಚೆನ್ನಾಗಿ ಕಾಣಿಸುತ್ತಿತ್ತು.

"ಪಂಪೇ ಸರಿಯಿಲ್ಲ! ಅಂಗಡಿಯವನು ಟೋಪಿ ಹಾಕಿದಾನೆ!"

"ರೀ, ಕೂಗಾಡ್ಬೇಡಿ" ಎಂದು ಹೆಂಡತಿ ಎದ್ದು ಬಂದರು. "ನಿನ್ನೆ ಹಳೇ ಪಂಪ್ ತೆಗೆದಾಗ ಪೈಪಿಂದ ಪೆಟ್ರೋಲ್ ಸೋರ್ತಾ?"

"ಸೋರ್ತು."

"ಆಮೇಲೆ?"

"ನಿಂತ್ಹೋಯ್ತು."

"ತಾನಾಗೇ?"

ಡಾಕ್ಟರ ಕಣ್ಣು ಮೆಲ್ಲಗೆ ಎಡಗೈಯ ಕಡೆ ಇಳಿಯಿತು.

ಹೆಂಡತಿ ತಿರುಪು ಮುಚ್ಚಿದರು, ಪೈಪು ಕಳಚಿದರು, ಕೈಚೀಲದಿಂದ ಹುಬ್ಬು ಕೀಳುವ ಚಿಮುಟ ತೆಗೆದು ಪೈಪಿನ ಬಾಯೊಳಗೆ ಇಳಿಸಿದರು. ಉಬ್ಬಿ ಹೆಬ್ಬೆರಳಿನಂತಾಗಿದ್ದ ಹತ್ತಿ ಪುಳಕ್ಕನೆ ಹೊರಗೆ ಬಂತು. ಇಪ್ಪತ್ತೆರಡು ವರ್ಷದ ಅಭ್ಯಾಸ ನೋಡಿ, "ಆಯ್ತು, ಬಾಯಿ ಮುಕ್ಕಳಿಸಿ" ಎಂದೂ ಹೇಳಿಬಿಟ್ಟರು!

ಮೆಕ್ಯಾನಿಕ್ಕನ ಕಡಲೆಕಾಯಿ ಕೈಯಲ್ಲೇ ಉಳಿಯಿತು. ಮಾವ "ಹಹ್ಹಾ... ಅಯ್ಯಮ್ಮಾ! ಹಹ್ಹಾ... ಅಯ್ಯಮ್ಮಾ!" ಎಂದು ನಗುವಿಗೊಮ್ಮೆ ನೋವಿಗೊಮ್ಮೆ ಕೂಗುತ್ತ ಕೆನ್ನೆ ಹಿಡಿದುಕೊಂಡು ಹೊರಳಾಡಿದರು.

ಆಮೇಲೆ ಎಂಜಿನ್ನು ಹದಿಹರೆಯದ ಹುಮ್ಮಸ್ಸಿನಲ್ಲಿ ಓಡಿತು. ಆಚೆ ದಡ ಮುಟ್ಟಿ ಈಚೆ ದಡಕ್ಕೂ ಬಂತು. ಡಾಕ್ಟರು ಅಳುಕುತ್ತಲೇ ಕೇಳಿದರು.

"ಮಾವ... ಕರಾರು?"

"ಪಂಪು ಹಾಕಿದ್ದು ನೀವೇ, ಮೆಕ್ಯಾನಿಕ್ ಮುಟ್ಟಲಿಲ್ಲ, ಹೋಗಿ ಬಂದೂ ಆಯ್ತು. ಮಾತು ಅಂದ್ರೆ ಮಾತು. ನಾಳೆ ಹತ್ತು ಗಂಟೆಗೆ ಬರ್ತೀನಿ."

ಡಾಕ್ಟರ ಎದೆ ಮತ್ತೆ ಉಬ್ಬಿತು. ಸೋಮವಾರ ಒಂಬತ್ತಕ್ಕೇ ಕ್ಲಿನಿಕ್ಕಿನ ಬೆಂಚು ಭರ್ತಿ. 'ಇನ್ನೊಂದ್ಸಲ ಬರ್ತೀವಿ' ಎಂದಿದ್ದ ಇಬ್ಬರೂ ಹಾಜರು! ಊರು ನೋಡಲಿ, ಕಣ್ಣು ತುಂಬಾ ನೋಡಲಿ ಎಂದುಕೊಂಡ ಡಾಕ್ಟರು ಒಳಕೋಣೆಯ ಬಾಗಿಲನ್ನು ಬೇಕೆಂದೇ ತೆರೆದಿಟ್ಟರು.

ಹತ್ತು ಹೊಡೆಯಿತು. ಕ್ಯಾಪ್ಟನ್ ಬಂದರು. ಮಫ್ಲರು ಬಿಚ್ಚಿ ಮಗಳ ಕೈಗಿಟ್ಟು, ಕುರ್ಚಿ ಹತ್ತಿ ಒರಗಿದರು. ಅವರ ಹಿಂದೆಯೇ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮೆಕ್ಯಾನಿಕ್ ಒಳಗೆ ಬಂದು, ಸಿಂಕಿನಲ್ಲಿ ಮೊಣಕೈ ತನಕ ಸೋಪು ಹಾಕಿ ಕೈ ತೊಳೆಯತೊಡಗಿದ.

"ಮಾವ, ಇವನ್ಯಾಕೆ ಇಲ್ಲಿ?"

"ನೀವು ಹಾಕೋದನ್ನ ಚೆನ್ನಾಗಿ ಹಾಕ್ತೀರಿ ಅಳಿಯಂದಿರೇ, ಅದರಲ್ಲಿ ಎರಡು ಮಾತಿಲ್ಲ. ಹಾಕಿದ್ದನ್ನ ತೆಗೆಯೋಕೆ ಮಗಳಿದ್ದಾಳೆ. ಅಕಸ್ಮಾತ್ ಇಬ್ಬರ ಕೈಲೂ ಆಗ್ಲಿಲ್ಲ ಅಂದ್ರೆ, ಬಿಚ್ಚಿ ನೋಡೋಕೆ ಗೊತ್ತಿರೋರು ಒಬ್ಬರು ಬೇಡ್ವಾ?"

ಬೆಂಚಿನ ಮೇಲಿದ್ದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಮೆಕ್ಯಾನಿಕ್ ಕೈ ಒರೆಸಿಕೊಂಡು ಬಂದು ಡಾಕ್ಟರ ಪಕ್ಕದಲ್ಲಿ ನಿಂತು, ಅವರ ಬೆನ್ನು ತಟ್ಟಿದ.

"ಶುರು ಮಾಡಿ ಡಾಕ್ಟ್ರೇ, ಹೆದರ್ಕೋಬೇಡಿ. ನಾನಿದ್ದೀನಿ."