ಬರ್ತೇನಿ ಅನ್ನಬಾರದ ಮನೆ

ಬಾದಾಮಿಯಲ್ಲಿ ಸ್ಪ್ಯಾನಿಷ್ ವ್ಯಾಕರಣಕ್ಕೆ ಹೆದರುವ ಓಣಿಯೊಂದಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಅದು ನನ್ನ ಸೋದರಮಾವನ ಓಣಿ!

ಎಪ್ಪತ್ತರ ದಶಕದಲ್ಲಿ ಮಾವ ಗುಹೆ ತೋರಿಸುವ ಗೈಡ್. ಸ್ಪೇನಿನ ಪ್ರವಾಸಿಯೊಬ್ಬ ಹೋಗುವಾಗ ತನ್ನ ಭಾಷೆ ಕಲಿಸುವ ಪುಸ್ತಕ ಕೊಟ್ಟುಹೋದ. ಮತ್ತೊಬ್ಬ ಸ್ಪೇನಿನವ ಈ ಕಡೆ ಬಂದದ್ದು ಕಾಣೆ. ಆದರೂ ಮಾವ ಕಲಿತ. ಕಲಿಯುತ್ತ 'ಸಬ್‌ಜಂಕ್ಟಿವ್' ಎಂಬ ಪಾಠದಲ್ಲಿ ಸಿಕ್ಕಿಬಿದ್ದ. ಖಾತ್ರಿ ಇದ್ದದ್ದಕ್ಕೆ ಕ್ರಿಯಾಪದದ ಒಂದು ರೂಪವಂತೆ. ಆಸೆಗೆ, ಅನುಮಾನಕ್ಕೆ ಇನ್ನೊಂದಂತೆ. ಎಲ್ಲಿ ಯಾವುದು? ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು, ಒಂದು ದಿನ ತಿಳಿಯಿತೆಂದ. ಅಲ್ಲಿಂದ ಶುರುವಾಯಿತು ನಮ್ಮ ಗ್ರಹಚಾರ. ಪುಸ್ತಕ ಸ್ಪ್ಯಾನಿಷಿಗೆ ಹೇಳಿದ್ದನ್ನು ಮಾವ ಕನ್ನಡಕ್ಕೂ ಹಚ್ಚಿದ.

ಬಾಗಲಕೋಟೆ ಬಸ್ಸು ಯಾವಾಗ ಬರುತ್ತದೆಂದು ಕೇಳಿದವರಿಗೆ, "ಬರತೈತಿ ಅನ್ನಬ್ಯಾಡ್ರಿ, ಬರಲಿ ಅನ್ರಿ" ಎನ್ನುತ್ತಿದ್ದ. ಬಸ್ಸಿನ ಮಟ್ಟಿಗೆ ಅದು ತಪ್ಪೆನ್ನುವ ಧೈರ್ಯ ಯಾರಿಗಿತ್ತು? ಅಕ್ಕನಿಗೆ ಇಳಕಲ್ಲಿನ ಸಂಬಂಧ ಬಂದಾಗ, ಹುಡುಗ ಭಾಳ ಶಾಣ್ಯಾ ಎಂದರು ಅವನ ಕಡೆಯವರು. ಮಾವ ಉಪ್ಪಿಟ್ಟು ತಿನ್ನುತ್ತಲೇ "ಇರಲಿ" ಎಂದ. ಇದು ಹಾರೈಕೆಯೋ ಅನುಮಾನವೋ ಎಂದು ಅವರು ಮುಖ ಮುಖ ನೋಡಿದರು. "ಎರಡಕ್ಕೂ ಒಂದ ರೂಪರಿ" ಎಂದ ಮಾವ! ಹೇಗೋ ಮದುವೆಯಾಯಿತು. ಮಾವನನ್ನು ಬೀಗರಿಂದ ದೂರ, ಪಂಕ್ತಿಯ ಕೊನೆಗೆ ಕೂಡಿಸಿದೆವು.

ಎಲ್ಲಕ್ಕಿಂತ ಕಷ್ಟ ಅವನ ಮನೆಯಿಂದ ಹೊರಡುವುದು. ನಮ್ಮಲ್ಲಿ ಹೊರಟವರು 'ಹೋಗ್ತೇನಿ' ಅನ್ನುವುದಿಲ್ಲ, 'ಬರ್ತೇನಿ' ಅನ್ನುತ್ತಾರೆ. ಮರಳಿ ಬರುವುದು ಖಾತ್ರಿಯೇನು ಎಂದು ಮಾವ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ. 'ಬರುವಂತಾಗಲಿ' ಅನ್ನಿಸಿಯೇ ಬಿಡುತ್ತಿದ್ದ. ಅತ್ತೆ ಮಾತ್ರ ಬಗ್ಗಲಿಲ್ಲ. ಸಂತೆಗೆ ಹೊರಟರೂ 'ಬರ್ತೇನ್ರಿ' ಎನ್ನುವಳು. ಇವನು ತಿದ್ದುವಷ್ಟರಲ್ಲಿ ಓಣಿ ದಾಟಿರುವಳು.

ಮುಂದೆ ಎಂಬತ್ತರ ದಶಕದಲ್ಲಿ ಅತ್ತೆಯ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಬಾಗಲಕೋಟೆಯ ದವಾಖಾನೆಯಲ್ಲಿ ಆಪರೇಷನ್. ಉಳಿಯುವ ಖಾತ್ರಿ ಕೊಡಲಾರೆ ಎಂದರು ಡಾಕ್ಟರು. ಮಾವನ ವ್ಯಾಕರಣಕ್ಕೆ ತಕ್ಕ ಡಾಕ್ಟರೇ ಸಿಕ್ಕಿದ್ದರು. ಒಳಗೆ ಒಯ್ಯುವಾಗ ಅತ್ತೆ ಮಾವನ ಕಡೆ ತಿರುಗಿ, ಎಂದಿನಂತೆ "ಬರ್ತೇನ್ರಿ" ಎಂದಳು. ಈಗಲೂ ತಿದ್ದಿದರೆ ಇವನ ಬಾಯಿ ಹೊಲಿಯಬೇಕು ಎಂದುಕೊಂಡೆ.

ಮಾವ ಅವಳ ಕೈ ಹಿಡಿದ. "ಬರ್ತಿ. ಖರೇನ ಬರ್ತಿ ನೀ" ಎಂದ.

ಅತ್ತೆ ಅವನನ್ನೇ ನೋಡಿದಳು. "ಇವತ್ತ ತಿದ್ದಲಿಲ್ಲಲ್ಲ. ಅಷ್ಟ ಅಂಜಿಕಿ ಆಗೇತೇನ್ರಿ?"

ಆಪರೇಷನ್ ಕೋಣೆಯ ಬಾಗಿಲ ತನಕ ಮಾವ ಆ ಕೈ ಬಿಡಲಿಲ್ಲ.

ಅತ್ತೆ ಬಂದಳು. ತಿಂಗಳ ನಂತರ ಸಂತೆಗೂ ಹೊರಟಳು, 'ಬರ್ತೇನ್ರಿ' ಎಂದು ಹೇಳಿಯೇ. ಮಾವ ತಿದ್ದಲಿಲ್ಲ. ಅವಳು ಓಣಿ ದಾಟಿದ ಮೇಲೂ, ಮರಳಿ ಬರುವ ತನಕ, ಬಾಗಿಲಲ್ಲೇ ನಿಂತಿದ್ದ.