ನೂರು ವರ್ಷ ಬಾಳುವ ಲಾಂಛನ

ಶಿಕಾರಿಪುರದ ಮೆಕ್ಕೆಜೋಳ ಬೆಳೆಗಾರರ ಸಂಘಕ್ಕೆ ನೂರು ವರ್ಷವಾದರೂ ಹಳತಾಗದ ಲಾಂಛನ ಬೇಕೆಂದು ಸರ್ವಾನುಮತದಿಂದ ನಿರ್ಣಯವಾಯಿತು. ಸಂಘಕ್ಕೆ ಆಗ ಏಳು ತಿಂಗಳು.

ಕೆಲಸ ಬಂದದ್ದು ಸೊರಬದಲ್ಲಿ ಬೋರ್ಡ್ ಬರೆಯುವ ಮಾಳೇಶನಿಗೆ. ಫ್ಲೆಕ್ಸ್ ಬಂದ ಮೇಲೆ ಅವನು ಬರೆದ ಬೋರ್ಡುಗಳೆಲ್ಲ ಒಂದೊಂದಾಗಿ ಗುಜರಿ ಸೇರಿದ್ದವು. ಒಂದರ ಮೂಲೆಯಲ್ಲಾದರೂ ತನ್ನ ಸಹಿ ಉಳಿಯಲಿ ಎಂಬುದಷ್ಟೇ ಅವನ ಆಸೆ. ತಗಡಿನ ಮೇಲೆ ಸಂಘದ ಹೆಸರು, ಜೋಳದ ತೆನೆ, ಜೋಡೆತ್ತು, ಮೂಡುವ ಸೂರ್ಯ ಎಲ್ಲ ಬರೆದು, ಕೆಳಗಿನ ಮೂಲೆಯಲ್ಲಿ ರೂಢಿಯಂತೆ ‘ಮಾಳೇಶ, ಸೊರಬ’ ಎಂದು ಬಾಲ ಎಳೆದು ಸಹಿ ಹಾಕಿ ತಂದ.

ಲಾಂಛನ ಒಪ್ಪಲು ಸಂಘ ಒಂದು ಉಪಸಮಿತಿ ಮಾಡಿತ್ತು. ಉಪಸಮಿತಿ ಎಂದರೆ ಎತ್ತು ಏರಿಗೆ, ಕೋಣ ನೀರಿಗೆ ಎನ್ನುತ್ತಾರೆ. ಅಳಿಸುವುದರಲ್ಲಿ ಮಾತ್ರ ಇವರದು ಒಮ್ಮತ. ರೈತರು ಮುಂದೆ ಶುಂಠಿಗೆ ಹೋಗಬಹುದಾದ್ದರಿಂದ ತೆನೆ ತೆಗೆಸಲಾಯಿತು. ಎತ್ತು ಯಾವ ಸದಸ್ಯರ ಮನೆಯಲ್ಲೂ ಇರಲಿಲ್ಲ. ಸೂರ್ಯ ಮೂಡುತ್ತಿದ್ದಾನೋ ಮುಳುಗುತ್ತಿದ್ದಾನೋ ಸ್ಪಷ್ಟವಿಲ್ಲವೆಂದು ಅಧ್ಯಕ್ಷ ಪಂಚಾಕ್ಷರಪ್ಪನವರೇ ಆಕ್ಷೇಪಿಸಿದರು. ಹೆಸರು ಬದಲಿಸುವ ಅಧಿಕಾರ ಮಹಾಸಭೆಗೆ ಇದ್ದುದರಿಂದ ಅದೂ ಹೋಯಿತು. ಪ್ರತಿ ಸಲವೂ ಮಾಳೇಶ ಬಿಳಿ ಬಣ್ಣ ಬಳಿದ. ಮೂಲೆಗೆ ಮಾತ್ರ ಕುಂಚ ತಾಗಿಸಲಿಲ್ಲ.

ಐದನೇ ಸಭೆಯ ಹೊತ್ತಿಗೆ ತಗಡಿನ ಮೇಲೆ ಉಳಿದದ್ದು ಆ ಸಹಿಯೊಂದೇ. ಪಂಚಾಕ್ಷರಪ್ಪ ಕನ್ನಡಕ ಏರಿಸಿ ನೋಡಿದರು.

“ಇದರ ಮ್ಯಾಲೆ ಯಾರದಾದ್ರೂ ತಕರಾರು ಐತೇನ್ರೀ?”

ಯಾರದೂ ಇರಲಿಲ್ಲ. ತಕರಾರಿಲ್ಲದೆ ಐದು ಸಭೆ ದಾಟಿದ್ದು ನೂರು ವರ್ಷವನ್ನೂ ದಾಟುತ್ತದೆಂದು ನಡಾವಳಿಯಲ್ಲಿ ದಾಖಲಿಸಿ, ಅಂಗೀಕರಿಸಲಾಯಿತು.

ಸೀಲು, ಲೆಟರ್‌ಹೆಡ್, ಗೋಣಿಚೀಲ ಎಲ್ಲದರ ಮೇಲೂ ‘ಮಾಳೇಶ, ಸೊರಬ’ ಬಂತು. ಮಂಡಿಯಲ್ಲಿ ಚೀಲಗಳ ಸಾಲು ನೋಡಲೆಂದೇ ಅವನು ಬಸ್ಸು ಹತ್ತಿ ಬಂದ. ನೋಡಿ ಕಣ್ಣು ತುಂಬಿಕೊಂಡ.

ಮರುವಾರ ಸೊರಬದ ಕಟಿಂಗ್ ಶಾಪೊಂದಕ್ಕೆ ಬೋರ್ಡ್ ಬರೆದು ಮೂಲೆಯಲ್ಲಿ ಸಹಿ ಹಾಕಿದ. ಹತ್ತು ದಿನಕ್ಕೆ ಸಂಘದ ನೋಟಿಸು ಬಂತು: ‘ಸಂಘದ ಲಾಂಛನವನ್ನು ತಾವು ಪೂರ್ವಾನುಮತಿಯಿಲ್ಲದೆ ಬಳಸಿರುವುದು ಗಮನಕ್ಕೆ ಬಂದಿರುತ್ತದೆ.’ ನೋಟಿಸಿನ ನೆತ್ತಿಯ ಮೇಲೆ ಅವನದೇ ಸಹಿಯಿತ್ತು.

ಕಚೇರಿಗೆ ಹೋಗಿ ಅನುಮತಿಯ ಫಾರಂ ತುಂಬಲು ಕೂತ. ‘ಲಾಂಛನಕ್ಕೂ ಅರ್ಜಿದಾರರಿಗೂ ಇರುವ ಸಂಬಂಧ’ ಎಂಬಲ್ಲಿ ಪೆನ್ನು ನಿಂತಿತು. ಗುಮಾಸ್ತೆ ವರದಮ್ಮನಿಗೆ ಅಯ್ಯೋ ಅನ್ನಿಸಿತು.

“ಏನೂ ಇಲ್ಲ ಅಂತ ಬರೀರಿ ಮಾಳೇಶಣ್ಣ. ಸಂಬಂಧ ಐತಿ ಅಂದ್ರೆ ಅರ್ಜಿ ವಜಾ ಆಗ್ತದೆ.”

ಹಾಗೇ ಬರೆದ. ಕೊನೆಗೆ ‘ಅರ್ಜಿದಾರರ ಸಹಿ’ ಎಂಬ ಜಾಗ ಬಂತು. ಅನುಮತಿ ಇನ್ನೂ ಸಿಕ್ಕಿರಲಿಲ್ಲವಾದ್ದರಿಂದ ವರದಮ್ಮ ಇಂಕ್ ಪ್ಯಾಡನ್ನು ಮುಂದೆ ಸರಿಸಿದರು. ಮಾಳೇಶ ನಿಯಮದಂತೆ ಹೆಬ್ಬೆಟ್ಟು ಒತ್ತಿದ.