ಎಂಜಿನ್ನಿನ ಮೇಲಿದ್ದ ಕುಂಕುಮ

ಅರವತ್ತೆರಡು ಸಾವಿರ ಡಾಲರ್ ಕೊಟ್ಟು ನಾನೊಂದು ಹಳೇ ಕಾರು ಕೊಂಡಿದ್ದೇನೆ. ಹೊರಗಡೆ ಅದಕ್ಕೆ ನಲವತ್ತು ಸಾವಿರದ ಮೇಲೆ ಒಂದು ಡಾಲರೂ ಹುಟ್ಟುವುದಿಲ್ಲ. ಮಿಕ್ಕ ಇಪ್ಪತ್ತೆರಡು ಸಾವಿರ, ನಾಲ್ಕು ಡಾಲರಿನ ಸ್ಯಾಂಡ್ ಪೇಪರ್ ಹಿಡಿದು ಇಪ್ಪತ್ತು ನಿಮಿಷ ಉಜ್ಜಿದ್ದಕ್ಕೆ ತೆತ್ತದ್ದು. ಇದನ್ನು ಬರೆಯುತ್ತಿರುವವನು ಬೇರೆ ಯಾರಾದರೂ ಆಗಿದ್ದರೆ ಪಾಪ ಎನ್ನಬಹುದಿತ್ತು. ಆದರೆ ಅಮೆರಿಕದ ಷಾರ್ಲೆಟ್‌ನ ಕನ್ನಡದವರಲ್ಲಿ ಚೌಕಾಸಿ ಎಂದರೆ ನಾನು. ಮಿನಿವ್ಯಾನ್ ಕೊಳ್ಳುವವರು ಡೀಲರ್ ಹತ್ತಿರ ಹೋಗುವ ಮುಂಚೆ ನನಗೆ ಫೋನ್ ಮಾಡುತ್ತಾರೆ. ಕೋವಿಡ್ ನಂತರ ಸೆಕೆಂಡ್ ಹ್ಯಾಂಡ್ ಕಾರಿಗೆ ಹೊಸ ಕಾರಿನ ರೇಟು ಹೇಳುತ್ತಿದ್ದ ಕಾಲದಲ್ಲೂ ಎಂಟುನೂರು ಇಳಿಸಿ, ಮೇಲೆ ಒಂದು ಜೊತೆ ಫ್ಲೋರ್ ಮ್ಯಾಟ್ ಎತ್ತಿಕೊಂಡು ಬಂದವನು. ನನ್ನದು ಎರಡು ಲಾಂಡ್ರೊಮ್ಯಾಟ್; ಜನ ನಾಣ್ಯ ಹಾಕಿ ಬಟ್ಟೆ ಒಗೆದುಕೊಂಡು ಹೋಗುವ ಅಂಗಡಿ. ಇಪ್ಪತ್ತು ವರ್ಷ ಊರಿನವರ ಕೊಳೆ ತೆಗೆದೇ ಮೇಲೆ ಬಂದೆ. ಕೊಳೆ ಕಂಡರೆ ಕೈ ಸುಮ್ಮನಿರುವುದಿಲ್ಲ. ನಾನು ಕೆಟ್ಟದ್ದು ಅಲ್ಲೇ.

ಕಾರು ಕ್ಯಾರಿ ಊರಿನ ಕುಲಕರ್ಣಿ ಡಾಕ್ಟರದು. ಧಾರವಾಡದಿಂದ ಬಂದು, ಟ್ರೇನಿಂಗ್ ಮುಗಿಸಿ, ಮೊದಲ ಕೆಲಸ ಸಿಕ್ಕ ವರ್ಷ, ಐವತ್ತು ವರ್ಷದ ಹಿಂದೆ, ಶೋರೂಮಿನಿಂದ ಹೊಚ್ಚಹೊಸದಾಗಿ ಕೊಂಡ ದೊಡ್ಡ ಎಂಜಿನ್ನಿನ ಮಸಲ್ ಕಾರು. ಸ್ಟಾರ್ಟ್ ಮಾಡಿದರೆ ಪಕ್ಕದ ಮನೆಯ ಕಿಟಕಿ ನಡುಗುತ್ತದೆ. ಅಷ್ಟು ಮೆತ್ತಗೆ ಮಾತಾಡುವ ಮನುಷ್ಯನಿಗೆ ಇಂಥ ಗಾಡಿ ಯಾಕೆ ಎಂದು ನಮಗೆಲ್ಲ ಸೋಜಿಗ. ಹೋದ ಚಳಿಗಾಲದಲ್ಲಿ ಡಾಕ್ಟರು ತೀರಿಕೊಂಡರು. ಫ್ಯೂನರಲ್ ಹೋಮಿನ ಬಿಲ್ಲಿನಲ್ಲಿ ಏಳುನೂರು ಬಿಡಿಸಿದ್ದು ನಾನೇ. ಆ ನಂಬಿಕೆಯ ಮೇಲೆ ಅವರ ಹೆಂಡತಿ ಸುಮಿತ್ರಾ ಆಂಟಿ ಕಾರು ಮಾರಿಕೊಡು ಎಂದರು. "ಎಂಜಿನ್ ಬದಲಿಸಿಲ್ಲ ನೋಡಪಾ. ಅವರು ಯಾವಾಗಲೂ ಅದನ್ನ ಹೇಳತಿದ್ರು. ಆ ಮಾತು ನಂಬಿ ತಗೊಳ್ಳೋರಿಗೇ ಕೊಡು."

ಇಂಥ ಕಾರುಗಳ ಬೆಲೆಯೆಲ್ಲ ಎಂಜಿನ್ನಿನ ಜಾತಕದಲ್ಲಿದೆ. ಫ್ಯಾಕ್ಟರಿಯಲ್ಲಿ ಎಂಜಿನ್ನಿನ ಮುಂಭಾಗದ ಒಂದು ಸಣ್ಣ ಪಟ್ಟಿಯ ಮೇಲೆ ನಂಬರ್ ಅಚ್ಚು ಹೊಡೆದಿರುತ್ತಾರೆ. ಅದರ ಕೊನೆಯ ಅಂಕಿಗಳು ವಿಂಡ್‌ಶೀಲ್ಡ್ ಕೆಳಗಿರುವ ಕಾರಿನ ನಂಬರಿಗೆ ಹೊಂದಿದರೆ ಎಂಜಿನ್ ಹುಟ್ಟಿನಿಂದ ಬಂದದ್ದು, ಬೆಲೆ ಅರವತ್ತೆರಡು. ಇಲ್ಲದಿದ್ದರೆ ನಲವತ್ತು. ಇಷ್ಟನ್ನು ನಾನು ಒಂದು ವಿಡಿಯೊ ಅರ್ಧ ನೋಡಿ ಕಲಿತೆ. ಹುಡ್, ಅಂದರೆ ಬಾನೆಟ್, ಎತ್ತಿದರೆ ಆ ಪಟ್ಟಿಯೇ ಕಾಣಲಿಲ್ಲ. ಡಾಕ್ಟರು ಪ್ರತಿ ಆಯುಧಪೂಜೆಗೂ ಎಂಜಿನ್ನಿಗೆ ಕುಂಕುಮ ಇಡುತ್ತಿದ್ದರು. ಬೆರಳಿಗೆ ಸಿಗುವ ಸಮತಟ್ಟು ಜಾಗ ಅದೊಂದೇ. ಐವತ್ತು ವರ್ಷದ ಕುಂಕುಮ, ಅರಿಶಿನ, ಎಂಜಿನ್ ಆಯಿಲ್ ಸೇರಿ ಒಣರೊಟ್ಟಿಯ ಹಾಗೆ ಕೂತಿತ್ತು. ಹೆರೆದು ತೆಗೆದೆ. ಅಡಿಯಲ್ಲಿ ಒಂದಿಷ್ಟೂ ತುಕ್ಕಿಲ್ಲದ ಅಂಕಿಗಳು. ವಿಂಡ್‌ಶೀಲ್ಡ್ ಹತ್ತಿರ ಹೋಗಿ ತಾಳೆ ನೋಡಿದೆ, ಒಂದೊಂದೂ ಹೊಂದಿತು. ಅಲ್ಲಿಗೆ ಹುಡ್ ಮುಚ್ಚಿ ಒಳಗೆ ಹೋಗಿ ಆಂಟಿ ಮಾಡಿದ್ದ ಕಾಫಿ ಕುಡಿಯಬೇಕಿತ್ತು. ಆದರೆ ಪಟ್ಟಿ ಮಂಕಾಗಿತ್ತು, ಮೈಯೆಲ್ಲ ಏನೋ ಗೀರು ಗೀರು. ಮನೆಗೆ ಬಂದವರಿಗೆ ಮಾಸಿದ ಲೋಟದಲ್ಲಿ ನೀರು ಕೊಟ್ಟ ಹಾಗೆ ಅನ್ನಿಸಿತು. ಉಜ್ಜಿದೆ. ಆಳವಾಗಿ ಹೊಡೆದ ಅಂಕಿಗಳು ಉಳಿದವು, ಸುತ್ತಲಿನ ಜಾಗ ಕನ್ನಡಿಯಂತೆ ಹೊಳೆಯಿತು. ಫೋಟೊ ತೆಗೆದುಕೊಂಡೆ, ಉಜ್ಜಿದ ಮೇಲಿನದು ಮಾತ್ರ.

ಶನಿವಾರ ಅಟ್ಲಾಂಟಾದಿಂದ ಡೇಲ್ ಎಂಬ ಮುದುಕ ಟ್ರೈಲರ್ ಸಮೇತ ಆಂಟಿಯ ಮನೆಗೆ ಬಂದ. ನನ್ನ ಬೆಲೆಗೆ ಫೋನಿನಲ್ಲೇ ಒಪ್ಪಿದ್ದ. ಟಾರ್ಚ್ ಹಿಡಿದು ಎಂಜಿನ್ನಿನ ಮೇಲೆ ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. ಎದ್ದು, ದನಿ ತಗ್ಗಿಸಿ ವಿವರಿಸಿದ. ಫ್ಯಾಕ್ಟರಿಯ ಯಂತ್ರ ಆ ಪಟ್ಟಿಯನ್ನು ಹೆರೆಯುವಾಗ ಕೂದಲಿನಷ್ಟು ಸಣ್ಣ ಗೆರೆಗಳು ಬೀಳುತ್ತವಂತೆ. ಅಂಕಿ ಯಾರು ಬೇಕಾದರೂ ಹೊಡೆದಾರು, ಆ ಗೆರೆ ತರುವುದು ಕಷ್ಟವಂತೆ. ಗೆರೆ ಇಲ್ಲ ಎಂದರೆ ಹಳೇ ನಂಬರ್ ಅಳಿಸಿ ಬೇಕಾದ ನಂಬರ್ ಹೊಡೆದಿದ್ದಾರೆಂದೇ ಲೆಕ್ಕ. ನಲವತ್ತು ಕೊಡುತ್ತೇನೆ ಎಂದ. ಉಜ್ಜಿದ್ದು ನಾನೇ ಎಂದೆ. ಮಾರುವವರೆಲ್ಲ ಹಾಗೇ ಹೇಳುತ್ತಾರೆ ಎಂದು ನಕ್ಕ. ನನಗೆ ಲಾಂಡ್ರೊಮ್ಯಾಟ್ ಇದೆ ಎಂದೆ. ಅದಕ್ಕೂ ನಕ್ಕ. ವ್ಯಾಪಾರದಲ್ಲಿ ನಾನು ಪೂರ್ತಿ ನಿಜ ಹೇಳಿದ್ದು ಬಹುಶಃ ಅದೇ ಮೊದಲು. ಅಭ್ಯಾಸವಿಲ್ಲದ್ದರಿಂದ ನನಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ಆಂಟಿ ಒಳಗಿನಿಂದ ಆಲ್ಬಮ್ ತಂದರು. ವರ್ಷ ವರ್ಷದ ಖಂಡೇನವಮಿ ಫೋಟೊಗಳು. ಎಲ್ಲದರಲ್ಲೂ ಹುಡ್ ಎತ್ತಿ ಡಾಕ್ಟರು ನಿಂತಿದ್ದಾರೆ, ಎಲ್ಲದರಲ್ಲೂ ನಂಬರಿನ ಮೇಲೆ ಕುಂಕುಮ. ಡೇಲ್ ಮರ್ಯಾದೆಗೆ ನಾಲ್ಕು ಹಾಳೆ ತಿರುವಿದ. ಡಾಕ್ಟರಿಗೇ ಯಾರೋ ಮೋಸ ಮಾಡಿರಬಹುದು, ಇಲ್ಲ ಅವರೇ, ಎಂದು ಅರ್ಧಕ್ಕೆ ನಿಲ್ಲಿಸಿ, ಖಾಲಿ ಟ್ರೈಲರ್ ಎಳೆದುಕೊಂಡು ಹೋದ.

ಆಂಟಿ ರಿಟೈರ್ ಆದ ಪ್ಯಾಥಾಲಜಿಸ್ಟ್. ಬೈಯುವವರಲ್ಲ. "ಸ್ಯಾಂಪಲ್ ತೊಳದ ಕೊಟ್ರ ರಿಪೋರ್ಟ್ ಹೆಂಗ ಬರತದಪಾ?" ಎಂದರು.

"ತಪ್ಪಾಯ್ತು ಆಂಟಿ. ಅವನು ನಲವತ್ತು ಕೊಡ್ಲಿ, ಮಿಕ್ಕಿದ್ದು ನಾನು ಹಾಕ್ತೀನಿ."

"ರೊಕ್ಕದ ಮಾತು ಬಿಡು. ಇವರನ್ನ ಸುಳ್ಳ ಮನಿಷಾನ್ನ ಮಾಡಿ ಹೋದಾ ಅಂವ. ಅಂಥಾವನ ಕೈಯಾಗ ಹೆಂಗ ಕೊಡ್ಲಿ?" ಎಂಜಿನ್ನಿನ ಮೇಲೆ ಬಗ್ಗಿದರು. ಹೊಳೆಯುವ ಜಾಗಕ್ಕೆ ಬೆರಳು ತಾಗಿಸಿ ತೆಗೆದರು. "ನೀ ತಿಕ್ಕೋಕಿಂತ ಮೊದಲ ನೋಡಿದ್ಯಲ್ಲ, ನಂಬರ್ ಕೂಡಿತ್ತು?"

"ಕೂಡಿತ್ತು ಆಂಟಿ. ಕಣ್ಣಾರೆ ನೋಡಿದೀನಿ."

"ಹಂಗಾದ್ರ ಅದು ಖರೇ ಅಂತ ಗೊತ್ತಿದ್ದಾಂವ ನೀ ಒಬ್ಬನ. ನೀನ ತಗೋ. ಅರವತ್ತೆರಡಕ್ಕ."

ಅಭ್ಯಾಸಬಲದಿಂದ ನನ್ನ ಬಾಯಿ ತೆರೆಯಿತು. ಆದರೆ ಕಡಿಮೆ ಕೇಳಬೇಕಾದರೆ ಡಾಕ್ಟರ ಮಾತು ಸುಳ್ಳು ಎನ್ನಬೇಕು. ಮುಚ್ಚಿದೆ. ಚೆಕ್ ಬರೆದೆ. ಮನೆಯಲ್ಲಿ ನನ್ನ ಹೆಂಡತಿ ಗೀತಾ ಎಲ್ಲ ಕೇಳಿಸಿಕೊಂಡು, "ಫ್ಲೋರ್ ಮ್ಯಾಟ್ ಆದ್ರೂ ಕೊಟ್ರಾ?" ಎಂದಳು.

ಆದ್ದರಿಂದ, ಹಳೇ ಕಾರು ಮಾರುವುದಿದ್ದರೆ ಆ ಪಟ್ಟಿಗೆ ಕೈ ಹಚ್ಚಬೇಡಿ. ಕೊಳೆ ಇದ್ದರೆ ಇರಲಿ. ತೆಗೆಯಲೇಬೇಕಾದರೆ ಮೆತ್ತನೆಯ ಬಟ್ಟೆ, ಜಿಡ್ಡು ತೆಗೆಯುವ ಡಿಗ್ರೀಸರ್ ಸ್ವಲ್ಪ, ಅಷ್ಟೇ. ಮುಟ್ಟುವ ಮುಂಚೆ ಒಂದು ಫೋಟೊ, ಮುಟ್ಟಿದ ಮೇಲೆ ಒಂದು. ವಿಡಿಯೊ ಕೊನೆಯವರೆಗೂ ನೋಡಿ. ಕೊಳ್ಳುವುದಿದ್ದರೆ ಅಂಕಿಯನ್ನಷ್ಟೇ ನೋಡಬೇಡಿ, ಅಂಕಿಯ ಸುತ್ತಲಿನ ಜಾಗ ನೋಡಿ. ಅದು ಕನ್ನಡಿಯಂತೆ ಹೊಳೆಯುತ್ತಿದ್ದು, ಪಕ್ಕದಲ್ಲೊಬ್ಬ ಮುಖ ಸಪ್ಪಗೆ ಮಾಡಿಕೊಂಡು, ನಂಬರ್ ಅಸಲಿಯೇ ಸಾರ್, ಗೊತ್ತಿಲ್ಲದೆ ನಾನೇ ಉಜ್ಜಿಬಿಟ್ಟೆ ಎಂದರೆ, ಎಷ್ಟೇ ಮನಸ್ಸು ಕರಗಿದರೂ ನಲವತ್ತರ ಮೇಲೆ ಒಂದು ಡಾಲರ್ ಕೊಡಬೇಡಿ. ನಾನಾಗಿದ್ದರೆ ಮೂವತ್ತೆಂಟರಿಂದ ಶುರು ಮಾಡುತ್ತಿದ್ದೆ.